ವಿಶಾಲುವಿಗೆ ನಾನು ಎತ್ತಿದ ಲಕೋಟೆ

ನದಿಯಾಚೆಯ ದೊಡ್ಡಾಸ್ಪತ್ರೆಗೆ ಬಂದ ಹೊಸ ಡಾಕ್ಟರಮ್ಮ ಮೊದಲ ಹದಿನೈದು ದಿನದಲ್ಲೇ ಏಳು ಲಕೋಟೆ ಹಾಳು ಮಾಡಿಕೊಂಡರು. ತಪ್ಪು ಅವರದಲ್ಲ. ಅವರಿಗೆ ನಾವು ಯಾರೂ ವಿಷಯ ಹೇಳಿರಲಿಲ್ಲ. ಹೇಳಬೇಕು ಅಂತ ತೋಚಲೇ ಇಲ್ಲ ಅನ್ನಿ. ಮನೆಗೆ ಬಂದ ನೆಂಟರನ್ನು ಕೂರಿಸಿಕೊಂಡು, ನೋಡಿ ನಮ್ಮಲ್ಲಿ ನೀರು ಇಳಿಜಾರಿಗೆ ಹರಿಯುತ್ತದೆ ಅಂತ ಯಾರಾದರೂ ಹೇಳುತ್ತಾರೆಯೇ?

ಡಾಕ್ಟರ್ ನಿರುಪಮಾ ಅಂತ ಅವರ ಹೆಸರು. ಮೂವತ್ತೈದು ದಾಟಿರಲಿಲ್ಲ, ಚಪ್ಪಲಿ ಸದ್ದೇ ಆಗದಂತೆ ನಡೆಯುತ್ತಿದ್ದರು. ಅವರು ತಂದದ್ದು ಒಂದು ಪರೀಕ್ಷೆ. ಎದೆಯ ಗಂಟು ಮೂಳೆಗೋ ಲಿವರಿಗೋ ಹಬ್ಬಿಬಿಟ್ಟ ಹೆಂಗಸರಿಗೆ ಎರಡು ಬಗೆಯ ಚಿಕಿತ್ಸೆ. ಒಂದು ಸಾದಾ ಮದ್ದು. ಮೂರು ವಾರಕ್ಕೊಂದು ಸಲ ಬಾಟಲಿ ಏರಿಸಿ ಸಂಜೆಗೆ ಮನೆಗೆ ಕಳಿಸುತ್ತಾರೆ. ಇನ್ನೊಂದು ದೊಡ್ಡ ಮದ್ದು. ಅದರಲ್ಲಿ ಮೊದಲು ಮೈಯೊಳಗಿನ ರಕ್ತದ ಬೀಜ ತೆಗೆದು ತಣ್ಣಗೆ ಕಾಪಾಡಿಡುತ್ತಾರೆ. ಆಮೇಲೆ ಐದಾರು ಪಟ್ಟು ಔಷಧ ಒಟ್ಟಿಗೇ ಹರಿಸುತ್ತಾರೆ. ಒಳಗಿರುವ ಕೆಟ್ಟದ್ದೂ ಒಳ್ಳೆಯದೂ ಎಲ್ಲ ಸುಟ್ಟುಹೋದ ಮೇಲೆ ಆ ಬೀಜವನ್ನು ಮತ್ತೆ ಬಿತ್ತುತ್ತಾರೆ. ಅದು ಮೊಳೆಯುವ ತನಕ ಗಾಜಿನ ಕೋಣೆಯಲ್ಲಿ ಒಬ್ಬಳೇ ಇರಬೇಕು. ಯಾರಿಗೆ ಯಾವುದು ಅನ್ನುವುದನ್ನು ಮುಚ್ಚಿದ ಲಕೋಟೆ ಹೇಳುತ್ತದೆ. ಅರ್ಧ ಲಕೋಟೆಗಳಲ್ಲಿ ದೊಡ್ಡದು, ಅರ್ಧದಲ್ಲಿ ಸಾದಾ. ಹೆಂಗಸರಿಗೆ ನಂಬಿಕೆ ಬರಲಿ ಅಂತ ಡಾಕ್ಟರಮ್ಮ ಲಕೋಟೆಗಳನ್ನು ಬುಟ್ಟಿಗೆ ಹಾಕಿ, "ನಿಮ್ಮ ಕೈಯಾರೆ ನೀವೇ ಎತ್ತಿ" ಅಂದುಬಿಟ್ಟರು. ಏಳು ಜನ ಎತ್ತಿದರು. ಏಳಕ್ಕೆ ಏಳೂ ದೊಡ್ಡ ಮದ್ದು.

ಡಾಕ್ಟರಮ್ಮನ ಅನುಮಾನ ಮೊದಲು ತಿರುಗಿದ್ದು ನರ್ಸ್ ಫಿಲೋಮಿನಾ ಕಡೆಗೆ. ಲಕೋಟೆಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರಂತೆ. ಅಂಟು ಬಿಚ್ಚಿದ ಗುರುತು ಇದೆಯಾ ಅಂತ ಉಗುರಿನಲ್ಲಿ ಕೆರೆದರಂತೆ. ಫಿಲೋಮಿನಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ನನ್ನ ಮೇಲೆ ಕಣ್ಣು ಬಿಡಬೇಡಿ ಮೇಡಂ. ಏಳಲ್ಲ, ಎಪ್ಪತ್ತು ಜನ ಎತ್ತಿದ್ರೂ ದೊಡ್ಡದೇ ಬರುತ್ತೆ. ಎಲ್ರಿಗೂ ಅದೇ ತಾನೆ ಬೇಕಾಗಿರೋದು? ಅಷ್ಟೂ ಗೊತ್ತಿಲ್ವಾ ನಿಮಗೆ?"

ನಮ್ಮೂರಿನಲ್ಲಿ ಚೀಟಿ ಎತ್ತಿದವರ ಮನಸ್ಸಿನಲ್ಲಿ ಏನಿರುತ್ತದೋ ಅದೇ ಬರುತ್ತದೆ. ಕಾಸು ಚಿಮ್ಮಿದರೂ ಅಷ್ಟೆ, ದಾಳ ಉರುಳಿಸಿದರೂ ಅಷ್ಟೆ. ಹುಡುಗರು ಕ್ರಿಕೆಟ್ ಆಡುವಾಗ ಟಾಸಿಗೆ ಬಸ್ ನಿಲ್ದಾಣಕ್ಕೆ ಓಡಿ, ಯಾರಾದರೂ ಪರವೂರಿನ ಪ್ರಯಾಣಿಕನ ಕೈಕಾಲು ಹಿಡಿದು ಕರಕೊಂಡು ಬರುತ್ತಾರೆ. ಮದುವೆ ಮಾತಿಗೆ ಕೂತರೆ ಹುಡುಗಿಯನ್ನು ಯಾರೂ ಏನೂ ಕೇಳುವುದಿಲ್ಲ. ತಟ್ಟೆಯಲ್ಲಿ ಎರಡು ಚೀಟಿ ಇಟ್ಟು ಮುಂದೆ ತಳ್ಳುತ್ತಾರೆ. ಗಂಡ ಹೆಂಡತಿಗೆ, "ಹಬ್ಬಕ್ಕೆ ತವರಿಗೆ ಹೋಗ್ತೀಯೋ ಇಲ್ಲೇ ಇರ್ತೀಯೋ, ಚಿಮ್ಮು" ಅನ್ನುತ್ತಾನೆ. ಹೀಗಾಗಿ ಏನಾಗಿದೆ ಅಂದರೆ, ನಮ್ಮವರು ಮನಸ್ಸಿನ ಮಾತು ಬಾಯಲ್ಲಿ ಹೇಳುವುದನ್ನೇ ಬಿಟ್ಟಿದ್ದಾರೆ. ಹೇಳಿದರೂ ಕೇಳಿದವರು ನಂಬುವುದಿಲ್ಲ. ಬೇರೆ ಊರುಗಳಲ್ಲಿ ಚೀಟಿ ಎತ್ತಿದ ಮೇಲೆ ಜನ ಚೀಟಿ ನೋಡುತ್ತಾರಂತೆ. ನಮ್ಮಲ್ಲಿ ಎತ್ತಿದವರ ಮುಖ ನೋಡುತ್ತಾರೆ.

ಆದರೂ ಕೆಲವು ಕಡೆ ನಿಜವಾದ ಚೀಟಿ ಬೇಕಾಗುತ್ತದೆ. ಸಂತೆಯಲ್ಲಿ ಯಾರ ಅಂಗಡಿ ಯಾವ ಕಡೆ, ನಲ್ಲಿಯ ಸರದಿ ಯಾರದು ಮೊದಲು, ಇಂಥವಕ್ಕೆ. ಅಂಥಲ್ಲಿ ಎರಡೂ ಕಡೆ ಒಂದೇ ಅನ್ನುವ ಮನುಷ್ಯರನ್ನು ಹುಡುಕಿ ಎತ್ತಿಸುತ್ತಾರೆ. ಅವರಿಗೆ ಸಮಗೈ ಅನ್ನುತ್ತಾರೆ. ವರ್ಷಕ್ಕೊಮ್ಮೆ ಪಂಚಾಯಿತಿ ಕಟ್ಟೆಯ ಮೇಲೆ ಹಿರಿಯರ ಎದುರು ನಲವತ್ತು ಸಲ ಕಾಸು ಚಿಮ್ಮಬೇಕು. ಹೆಚ್ಚುಕಡಿಮೆ ಸಮಸಮ ಬಿದ್ದರೆ ಆ ವರ್ಷಕ್ಕೆ ಸಮಗೈ. ಹನ್ನೊಂದು ವರ್ಷದಿಂದ ಈ ಊರಿನ ಸಮಗೈ ನಾನೇ ಆಗಿದ್ದೆ. ನನ್ನ ಹೆಸರು ಚನ್ನಾಜಮ್ಮ, ಚನ್ನಾಜಕ್ಕ ಅನ್ನುತ್ತಾರೆ. ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ಬೇಗ ಹೋದರು, ಮಕ್ಕಳಿಲ್ಲ, ದಾಯಾದಿಗಳಿಲ್ಲ. ಬ್ಲೌಸ್ ಹೊಲಿಯುವುದು ನನ್ನ ಕಸುಬು. ಊರಿನ ಎಲ್ಲ ಹೆಂಗಸರ ಅಳತೆಯೂ ನನ್ನ ಪುಸ್ತಕದಲ್ಲಿದೆ, ಎಲ್ಲರ ಕಥೆಯೂ ಕಿವಿಯಲ್ಲಿದೆ. ಒಬ್ಬಳ ಮೇಲೆ ಹೆಚ್ಚು, ಒಬ್ಬಳ ಮೇಲೆ ಕಡಿಮೆ ಅಂತ ನನಗಿರಲಿಲ್ಲ. ಹಾಗಂತ ನಾನೂ ನಂಬಿದ್ದೆ.

ಫಿಲೋಮಿನಾ ಡಾಕ್ಟರಮ್ಮನನ್ನು ನೇರ ನನ್ನ ಅಂಗಡಿಗೇ ಕರೆತಂದಳು. ಅವರು ಸ್ಟೂಲಿನ ತುದಿಯಲ್ಲಿ ಕೂತು ನನಗೆ ಎಲ್ಲ ಬಿಡಿಸಿ ಹೇಳಿದರು. ಪರೀಕ್ಷೆ ನಡೆಸುವವರು ತಾವೇ ಲಕೋಟೆ ಎತ್ತಬಾರದಂತೆ. ನಾನು ಕೇಳಿದೆ, "ಅಲ್ಲ ತಾಯಿ, ದೊಡ್ಡ ಮದ್ದು ಜಾಸ್ತಿ ಒಳ್ಳೇದು ಅಂದ್ಮೇಲೆ ಎಲ್ರಿಗೂ ಅದನ್ನೇ ಕೊಡಬಾರ್ದಾ?"

"ಒಳ್ಳೇದು ಅಂತ ನನಗೆ ಗೊತ್ತಿಲ್ಲ ಚನ್ನಾಜಮ್ಮ. ಅದಕ್ಕೇ ಈ ಪರೀಕ್ಷೆ."

"ನಿಮಗೆ ಗೊತ್ತಿಲ್ವಾ?"

"ಯಾರಿಗೂ ಗೊತ್ತಿಲ್ಲ."

ಈ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಗೊತ್ತಿಲ್ಲ ಅನ್ನುವ ಡಾಕ್ಟರನ್ನು ನಮ್ಮ ಜನ ಕಂಡೇ ಇರಲಿಲ್ಲ. "ಗೊತ್ತಿಲ್ದೆ ಇಷ್ಟು ದೂರ ಯಾಕೆ ಬರ್ತಾಳೆ? ಗೊತ್ತಿದೆ, ಹೇಳ್ತಿಲ್ಲ" ಅಂದರು ಕೆಲವರು. "ದೊಡ್ಡ ಮದ್ದು ಸ್ವಲ್ಪವೇ ಇದೆ, ತಮಗೆ ಬೇಕಾದವರಿಗೆ ಕೊಟ್ಟು ಮಿಕ್ಕವರಿಗೆ ನೀರು ಏರಿಸ್ತಾರೆ" ಅಂದರು ಇನ್ನು ಕೆಲವರು. ನೀರಲ್ಲ, ಅದೂ ಮದ್ದೇ, ವರ್ಷಗಳಿಂದ ಕೊಡುತ್ತಿರುವ ಮದ್ದು ಅಂತ ಡಾಕ್ಟರಮ್ಮ ಎಷ್ಟು ಹೇಳಿದರೂ ಕೇಳುವವರು ತಲೆಯಾಡಿಸುತ್ತಾ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಮೊದಲ ಏಳು ಜನರಿಗೆ ಹೇಳಿದ್ದ ಚಿಕಿತ್ಸೆ ಕೊಟ್ಟರು, ಆದರೆ ಪರೀಕ್ಷೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ಎಂಟನೆಯವಳಿಂದ ನಾನು ಎತ್ತತೊಡಗಿದೆ. ಮಂಗಳವಾರ ಮಂಗಳವಾರ ನದಿ ದಾಟಿ ಹೋಗುವುದು, ಕೈ ತೊಳೆಯುವುದು, ಬುಟ್ಟಿಗೆ ಕೈ ಹಾಕುವುದು. ಒಬ್ಬಳಿಗೆ ದೊಡ್ಡದು, ಇನ್ನೊಬ್ಬಳಿಗೆ ಸಾದಾ, ಮತ್ತೆ ಸಾದಾ, ದೊಡ್ಡದು. ಡಾಕ್ಟರಮ್ಮನ ಮುಖ ಅರಳಿತು. ಊರಿನ ಮುಖ ಗಂಟಾಯಿತು.

ಸಾದಾ ಬಂದ ಹುಚ್ಚೀರಮ್ಮ ನಲ್ಲಿಯ ಕಟ್ಟೆಯಲ್ಲಿ ನಿಂತು ಕೂಗಿದಳು. ಅವಳ ಗಂಟಲು ಕಾಯಿಲೆಗೆಲ್ಲ ಬಗ್ಗುವಂಥದ್ದಲ್ಲ. "ಹೋದ ದೀಪಾವಳಿಗೆ ನಾನು ಪೇಟೆ ಟೈಲರ್ ಹತ್ರ ಬ್ಲೌಸ್ ಹೊಲಿಸಿದೆ, ಅದನ್ನ ಮನಸ್ನಲ್ಲೇ ಇಟ್ಕೊಂಡಿದ್ಳು ಮಾರಾಯ್ತಿ! ಒಂದು ಬ್ಲೌಸಿನ ಸೇಡನ್ನ ಎದೆ ಮೇಲೆ ತೀರಿಸ್ಕೊಂಡ್ಳು!" ದೊಡ್ಡದು ಬಂದವರ ಮನೆಯವರಾದರೂ ಸುಮ್ಮನಿದ್ದರೇ? ಗಾಜಿನ ಕೋಣೆಗೆ ಹೋಗಿ ನಾಲ್ಕನೇ ದಿನಕ್ಕೆ ಸೊಸೆ ನೀರೂ ನುಂಗದಂತಾದಾಗ ಒಬ್ಬ ಅತ್ತೆ ನನ್ನ ಅಂಗಡಿಗೆ ಬಂದು, "ಏನು ಕೇಡು ಬಯಸಿದ್ದೆ ನಮ್ಮ ಹುಡುಗಿಗೆ?" ಅಂದಳು. ನಾನು ಯಾವುದನ್ನು ಎತ್ತಿದರೂ ಅದರ ಹಿಂದೆ ನನ್ನ ಮನಸ್ಸು ಇದೆ ಅನ್ನುವುದು ಅವರ ವಾದ. ಸಮಗೈ ಅಂದರೆ ಮನಸ್ಸಿಲ್ಲದ ಕೈ ಅಂತ ಸಂತೆಯ ಜಾಗಕ್ಕೆ ಒಪ್ಪುವ ಜನ, ಜೀವದ ವಿಷಯಕ್ಕೆ ಒಪ್ಪಲಿಲ್ಲ. ನಾನು ಅವರನ್ನು ಬೈಯಲಾರೆ.

ಆ ಕೋಣೆಯನ್ನು ನಾನೂ ನೋಡಿದ್ದೆ. ಕೂದಲು ಉದುರಿದವರಿಗೆ ಹತ್ತಿಯ ಟೋಪಿ ಹೊಲಿದುಕೊಡಲು ಫಿಲೋಮಿನಾ ಕೇಳಿದ್ದಳು. ಬೋಳಾದ ನೆತ್ತಿಗೆ ಹೊಲಿಗೆಯ ದಾರವೂ ಚುಚ್ಚುತ್ತದೆ, ಅದಕ್ಕೇ ಹೊಲಿಗೆ ಹೊರಮುಖ ಬರುವಂತೆ ಹೊಲಿದು ತೆಗೆದುಕೊಂಡು ಹೋದೆ. ಗಾಜಿನಾಚೆ ಜೈತೂನ್‌ಬಿ ಮಲಗಿದ್ದಳು. ಮೊದಲ ಏಳರಲ್ಲಿ ಅವಳೊಬ್ಬಳು. ಈದ್ ಬಂದರೆ ನನಗೆ ಶಾವಿಗೆಯ ಸುರಕುಂಬ ಕಳಿಸುವವಳು. ಬಾಯೆಲ್ಲ ಹುಣ್ಣು, ಎಂಜಲು ನುಂಗಲಾಗದೆ ಬಟ್ಟಲಿಗೆ ಬಿಡುತ್ತಿದ್ದಳು. ನನ್ನನ್ನು ಕಂಡು ಟೋಪಿ ಹಾಕಿಕೊಂಡು, ಚೆನ್ನಾಗಿದೆಯಾ ಅಂತ ಹುಬ್ಬು ಹಾರಿಸಿದಳು. ಹತ್ತೊಂಬತ್ತನೇ ದಿನ ಹೋದಳು. ಕಾಯಿಲೆಯಿಂದಲ್ಲ, ಮದ್ದಿನಿಂದಲೇ ಅಂತ ಡಾಕ್ಟರಮ್ಮ ಮುಚ್ಚಿಡದೆ ಅವಳ ಗಂಡನಿಗೆ ಹೇಳಿದರು. ಅವನಂತೂ ಒಂದೇ ಮಾತು ಅಂದ: "ಅವಳೇ ಬೇಕು ಅಂತ ಎತ್ತಿದ್ಳಲ್ಲ."

ಇಷ್ಟಾಗಿರುವಾಗ ವಿಶಾಲು ಬಂದಳು.

ವಿಶಾಲಾಕ್ಷಿ ನಮ್ಮ ಎದುರು ಮನೆಯವಳು. ಹದಿನಾಲ್ಕು ವರ್ಷದಿಂದ ಮಧ್ಯಾಹ್ನದ ಊಟ ಮುಗಿಸಿ ಅಂಗಡಿಗೆ ಬರುವುದು, ನಾನು ಹೊಲಿದ ಬ್ಲೌಸುಗಳಿಗೆ ಹುಕ್ಕು ಹಾಕುತ್ತಾ ಕೂರುವುದು ಅವಳ ಪದ್ಧತಿ. ಮೂರು ವರ್ಷದ ಹಿಂದೆ ಅಳತೆ ತೆಗೆಯುವಾಗ ಅವಳ ಎಡಗಡೆ, ಕಂಕುಳ ಹತ್ತಿರ, ನನ್ನ ಟೇಪು ತಡೆಯಿತು. "ಏನೇ ಇದು?" ಅಂದೆ. "ನಿನ್ನ ಟೇಪಿಗೆ ವಯಸ್ಸಾಯ್ತು" ಅಂದಳು. ಆಪರೇಷನ್ ಆಯಿತು. ಆ ಕಡೆ ಖಾಲಿ ಕಾಣದಿರಲಿ, ಭಾರವೂ ಸರಿದೂಗಲಿ ಅಂತ ನಾನು ನವಣೆ ಕಾಳು ತುಂಬಿದ ಪುಟ್ಟ ದಿಂಬು ಹೊಲಿದು ಬ್ಲೌಸಿನೊಳಗೆ ಕೂರಿಸಿಕೊಟ್ಟೆ. ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಮನೇಲಿ ಅಕ್ಕಿ ಮುಗಿದ ದಿನ ಇದನ್ನೇ ಬೇಯಿಸ್ಕೋಬಹುದು ಕಣೆ" ಅಂತ ನಕ್ಕಿದ್ದಳು. ಈಗ ಆ ಕಾಯಿಲೆ ಬೆನ್ನುಮೂಳೆಗೆ ಬಂದಿತ್ತು. ಅವಳ ಹೆಸರು ಪರೀಕ್ಷೆಯ ಪಟ್ಟಿಗೆ ಸೇರಿತು.

ಅವಳ ಗಂಡ ಮೌನೇಶಾಚಾರಿ ಬೀಗ ರಿಪೇರಿ ಮಾಡುವವರು. ಎಲ್ಲರ ಮನೆಯ ಬೀಗ ನೋಡಿ ನೋಡಿ, ಎಲ್ಲರೂ ಎಲ್ಲದನ್ನೂ ಬಚ್ಚಿಡುತ್ತಾರೆ ಅಂತಲೇ ಅವರ ಲೆಕ್ಕಾಚಾರ. ಸೋಮವಾರ ಸಂಜೆ ಅಂಗಡಿಗೆ ಬಂದು, ಹೊರಗೆ ಯಾರೂ ಇಲ್ಲ ಅಂತ ನೋಡಿಕೊಂಡು, ದನಿ ತಗ್ಗಿಸಿ ಹೇಳಿದರು. "ನಾಳೆ ನೀವೇ ಎತ್ತಬೇಕು ಚನ್ನಾಜಕ್ಕ. ಬೇರೆಯವರಿಗೆ ನಿಮ್ಮ ಕೈ ಸಮ. ನಮ್ಮ ವಿಶಾಲು ಕಡೆಗೆ ವಾಲುತ್ತೆ. ಅದು ನನಗೆ ಗೊತ್ತು."

"ವಾಲೋ ಹಾಗಿದ್ರೆ ನಾನು ಎತ್ತಬಾರ್ದು ಆಚಾರ್ರೆ. ಹಾಗಂತ ಡಾಕ್ಟ್ರಿಗೆ ಹೇಳ್ಬೇಕು."

"ಅವ್ರಿಗೆ ಯಾರು ಹೇಳ್ತಾರೆ? ನೀವೂ ನಾನೂ ಬಾಯಿ ಬಿಟ್ರೆ ತಾನೆ ಗೊತ್ತಾಗೋದು?" ಆಮೇಲೆ ಮೇಜಿನ ಮೇಲಿದ್ದ ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ಅವಳಿಗೆ ದೊಡ್ಡದು ಸಿಗ್ಬೇಕು. ಇನ್ನೇನೂ ಕೇಳಲ್ಲ ನಿಮ್ಮನ್ನ."

ಸಮಗೈಗೆ ಇರುವುದು ಒಂದೇ ನಿಯಮ. ಮನಸ್ಸು ಒಂದು ಕಡೆ ಎಳೆದರೆ ಕೈ ಕಟ್ಟಿ ಹಿಂದೆ ಸರಿಯಬೇಕು. ಹನ್ನೊಂದು ವರ್ಷದಲ್ಲಿ ಎರಡು ಸಲ ಸರಿದಿದ್ದೆ. ಈ ಸಲ ಸರಿಯಲಿಲ್ಲ. ಮರುದಿನ ಡಾಕ್ಟರಮ್ಮನ ಕೋಣೆಯಲ್ಲಿ ಕೈ ತೊಳೆದುಕೊಂಡೆ. ವಿಶಾಲು ಬೆಂಚಿನ ಮೇಲೆ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದಳು. ಆಚಾರ್ರು ಬಾಗಿಲಿಗೆ ಒರಗಿ ನಿಂತಿದ್ದರು. ಡಾಕ್ಟರಮ್ಮ ಎಂದಿನಂತೆ, "ಎರಡೂ ಒಂದೇ ತಾನೆ ಚನ್ನಾಜಮ್ಮ?" ಅಂತ ಕೇಳಿದರು. "ಒಂದೇ" ಅಂದೆ. ಅದು ಸುಳ್ಳು. ಬುಟ್ಟಿಗೆ ಕೈ ಹಾಕಿ, ಕೈಗೆ ಬಂದದ್ದನ್ನು ಎತ್ತಿ ಕೊಟ್ಟೆ.

ಸಾದಾ.

ಡಾಕ್ಟರಮ್ಮ ಮಾತ್ರ ಕಾಗದ ನೋಡುತ್ತಿದ್ದರು. ಮಿಕ್ಕವರೆಲ್ಲ ನನ್ನ ಮುಖ ನೋಡಿದರು. ಆಚಾರ್ರು ನೋಡಿದ ಆ ನೋಟ ಇಂದಿಗೂ ನನ್ನ ಬೆನ್ನ ಮೇಲಿದೆ.

ಅವರು ನೇರವಾಗಿ ಪಂಚಾಯಿತಿಗೆ ಹೋದರು. ಈ ಹೆಂಗಸಿನ ಕೈ ಸಮ ಇಲ್ಲ, ಮನಸ್ಸಿನಲ್ಲಿ ವಿಷ ಇದೆ ಅಂತ ದೂರು ಕೊಟ್ಟರು. ಹಿರಿಯರಾದ ಕರಿಸಿದ್ದಪ್ಪನವರು ನನ್ನನ್ನು ಕಟ್ಟೆಗೆ ಕರೆಸಿದರು. ಜನ ಕಿಕ್ಕಿರಿದಿತ್ತು. ನಲವತ್ತು ಸಲ ಚಿಮ್ಮಿದೆ. ಇಪ್ಪತ್ತೊಂದು ಹೆಡ್ಡು, ಹತ್ತೊಂಬತ್ತು ಟೇಲು. "ಕೈ ಸಮ ಇದೆಯಪ್ಪ" ಅಂದರು ಕರಿಸಿದ್ದಪ್ಪ. ಆಚಾರ್ರು ಕಟ್ಟೆಯ ಕೆಳಗೆ ನಿಂತು ತಲೆಯೆತ್ತಿ ಕೇಳಿದರು. "ಹಂಗಾದ್ರೆ ಇನ್ನೂ ಒಳ್ಳೇದಾಯ್ತು. ಹೇಳಿ ಚನ್ನಾಜಕ್ಕ, ಎಲ್ರೂ ಕೇಳಿಸ್ಕೊಳ್ಳಲಿ. ನಿಮಗೆ ಅವಳು ಸತ್ರೂ ಒಂದೇ, ಬದುಕಿದ್ರೂ ಒಂದೇನಾ? ಅಥವಾ ಸಾಯ್ಲಿ ಅಂತ ಇತ್ತಾ? ಎರಡರಲ್ಲಿ ಯಾವ್ದು?"

ನಾನು ಕಟ್ಟೆ ಇಳಿದುಬಿಟ್ಟೆ. ಮನೆಗೆ ಬಂದು ಮೆಷಿನ್ ಮುಂದೆ ಕೂತು, ಪೆಡಲ್ ತುಳಿಯದೆ ನನ್ನನ್ನೇ ತನಿಖೆ ಮಾಡಿದೆ. ಜೈತೂನ್‌ಬಿಯ ಬಟ್ಟಲು ಕಣ್ಣಿಗೆ ಕಟ್ಟಿತ್ತೇ? ವಿಶಾಲು ತಿಂಗಳುಗಟ್ಟಲೆ ಗಾಜಿನಾಚೆ ಹೋದರೆ ನನ್ನ ಮಧ್ಯಾಹ್ನಗಳು ಖಾಲಿಯಾಗುತ್ತವೆ ಅನ್ನುವ ಸ್ವಾರ್ಥವೇ? ಅಥವಾ, ಹೇಳಲು ನಾಚಿಕೆ, ಅವಳಿಗೆ ಗಂಡ ಇದ್ದಾನೆ, ಬೆನ್ನು ನೀವುವವರಿದ್ದಾರೆ, ನನಗಿಲ್ಲ ಅನ್ನುವ ಹಳೆಯ ಹೊಟ್ಟೆಕಿಚ್ಚು ಎಲ್ಲಾದರೂ ಮೂಲೆಯಲ್ಲಿ ಕೂತಿತ್ತೇ? ಹುಡುಕಿದರೆ ಮೂರೂ ಸಿಕ್ಕವು. ಯಾವುದು ಕೈ ಹಿಡಿದು ಎಳೆದದ್ದು ಅಂತ ಮಾತ್ರ ತಿಳಿಯಲಿಲ್ಲ. ಊರು ನನ್ನನ್ನು ಅನುಮಾನಿಸಿದ್ದು ಒಂದು ವಾರ. ನಾನು ನನ್ನನ್ನು ಅನುಮಾನಿಸಿದ್ದು ಇನ್ನೂ ಪೂರ್ತಿ ನಿಂತಿಲ್ಲ.

ಆಚಾರ್ರು ದೊಡ್ಡ ಪೇಟೆಯಲ್ಲಿ ಒಬ್ಬ ಡಾಕ್ಟರನ್ನು ಹುಡುಕಿ ಬಂದರು. ಅಲ್ಲಿ ಲಕೋಟೆ ಗಿಕೋಟೆ ಇಲ್ಲ, ಕೇಳಿದವರಿಗೆಲ್ಲ ದೊಡ್ಡ ಮದ್ದು. ಪರೀಕ್ಷೆ ಬಿಟ್ಟು ಹೋಗಲು ಯಾರ ತಡೆಯೂ ಇರಲಿಲ್ಲ. ಡಾಕ್ಟರಮ್ಮ ಅದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿದ್ದರು. ಹೊರಡುವ ಮುನ್ನ ಹೆಂಡತಿಯ ಒಪ್ಪಿಗೆ ಪಡೆಯಬೇಕಲ್ಲ. ಗುರುವಾರ ಮಧ್ಯಾಹ್ನ ವಿಶಾಲು ನನ್ನ ಅಂಗಡಿಯಲ್ಲಿ ಹುಕ್ಕು ಹಾಕುತ್ತಾ ಕೂತಿದ್ದಳು. ಹೌದು, ಅವಳು ಬರುವುದನ್ನು ಬಿಟ್ಟಿರಲಿಲ್ಲ. ಗಂಡ ಬೇಡ ಅಂದರೂ ಬರುತ್ತಿದ್ದಳು, ಲಕೋಟೆಯ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಅದರಿಂದ ನನಗೆ ಇನ್ನೂ ಭಯವಾಗುತ್ತಿತ್ತು. ಆಚಾರ್ರು ಒಳಗೆ ಬಂದು ನನ್ನ ಕಡೆ ನೋಡದೆ, ಕತ್ತರಿಸುವ ಮೇಜಿನ ಮೇಲೆ ಎರಡು ಚೀಟಿ ಇಟ್ಟರು. ಮಡಿಸಿ, ಒಂದರಂತೆ ಒಂದು.

"ಎತ್ತು. ಪೇಟೆಗೆ ಹೋಗೋದೋ, ಇಲ್ಲೇ ಇರೋದೋ. ನಿನ್ನ ಮನಸ್ಸಲ್ಲಿ ಏನಿದೆ ಅಂತ ಇವರೂ ನೋಡ್ಲಿ."

ವಿಶಾಲು ಸೂಜಿಗೆ ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದಳು. "ಎತ್ತಲ್ಲ" ಅಂದಳು.

"ಯಾಕೆ? ಏನು ಬರುತ್ತೆ ಅಂತ ಭಯಾನಾ?"

"ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ಸಾರಿಗೆ ಬೇಳೆ ಯಾವ್ದು ಅನ್ನೋದ್ರಿಂದ ಹಿಡಿದು ಎಲ್ಲಾನೂ ಚೀಟೀಲೇ ಕೇಳಿದ್ರಿ. ಒಂದ್ಸಲ ಬಾಯಿಬಿಟ್ಟು ಕೇಳಿ ನೋಡುವಾ."

ಆಚಾರ್ರ ಬೀಗ ಬಿಚ್ಚುವ ಬೆರಳುಗಳು ಮೇಜಿನ ಅಂಚನ್ನು ಸವರುತ್ತಿದ್ದವು. ಕೊನೆಗೆ ಕೇಳಿದರು, ಹೊಸ ಭಾಷೆ ಕಲಿಯುವವರ ಹಾಗೆ. "ನಿನಗೆ... ಏನು ಬೇಕು?"

"ಬದುಕೋದು ಬೇಕು ಕಣ್ರೀ. ಮತ್ತೇನು ಬೇಕಾಗಿರುತ್ತೆ? ಆದ್ರೆ ಯಾವ್ದು ಕೊಟ್ರೆ ಬದುಕ್ತೀನಿ ಅಂತ ಆ ಹುಡುಗಿಗೂ ಗೊತ್ತಿಲ್ಲ, ನಿಮ್ಮ ಪೇಟೆ ಡಾಕ್ಟ್ರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ. ಇದ್ರೆ ನಾನು ಅವಳ ಹತ್ರಾನೇ ಇರ್ತೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಹೇಳೇ. ಬುಟ್ಟಿಗೆ ಕೈ ಹಾಕಿದಾಗ ಏನಂದ್ಕೊಂಡೆ?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಎಲ್ಲರೂ ಏನಿತ್ತು ಅಂತ ತೀರ್ಮಾನಿಸಿದ್ದರು, ನಾನೂ. "ನೀನು ಬದುಕ್ಬೇಕು ಅಂತ" ಅಂದೆ. ಅಂದ ಮೇಲೆ ಅದು ನಿಜ ಅಂತ ನನಗೇ ನೆನಪಾಯಿತು.

"ದೊಡ್ಡದು ಬರ್ಲಿ ಅಂತ?"

"ಅದು... ಆಗ ನೆನಪಿಗೇ ಬರ್ಲಿಲ್ಲ ಕಣೆ. ಬದುಕ್ಲಿ, ಬದುಕ್ಲಿ ಅಂತ ಅಷ್ಟೆ."

ವಿಶಾಲು ನಕ್ಕಳು. ಬೆನ್ನು ನೋಯುತ್ತಿದ್ದರೂ ನಕ್ಕಳು. "ಮಂಕೆ. ಅದು ಯಾವ ಲಕೋಟೇಲಿತ್ತು ನೀನು ಎತ್ತೋಕೆ?"

ಆಚಾರ್ರು ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು. ಹೆಂಡತಿಯ ಮಾತಿಗೆ ಒಪ್ಪಿದರು. ನನ್ನ ಮಾತಿಗಲ್ಲ.

ನಾನು ಮರುದಿನವೇ ನದಿ ದಾಟಿ ಹೋಗಿ ಡಾಕ್ಟರಮ್ಮನಿಗೆ ಹೇಳಿದೆ, ಅವತ್ತು ಎರಡೂ ಒಂದೇ ಅಂದದ್ದು ಸುಳ್ಳು ಅಂತ. ಅವರು ಪಟ್ಟಿ ತೆಗೆದು ವಿಶಾಲುವಿನ ಹೆಸರಿನ ಮೇಲೆ ಬೆರಳಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. "ಅವರ ಚಿಕಿತ್ಸೆ ಹೇಗಿದೆಯೋ ಹಾಗೇ ನಡೆಯುತ್ತೆ. ಲೆಕ್ಕದಿಂದ ಮಾತ್ರ ಹೆಸರು ಬಿಡ್ಬೇಕಾಗುತ್ತೆ" ಅಂದರು. ಆಮೇಲೆ ಯಾರಿಗೆ ಯಾವುದು ಅನ್ನುವುದನ್ನು ದೂರದ ಪೇಟೆಯ ಆಫೀಸಿನಿಂದ ಫೋನಿನಲ್ಲಿ ತಿಳಿಸುವ ಏರ್ಪಾಡಾಯಿತು. ಅದನ್ನು ಮೊದಲೇ ಮಾಡಬಹುದಿತ್ತಲ್ಲ ಅಂತ ಫಿಲೋಮಿನಾ ಗೊಣಗಿದಳು. ನಾನು ಪಂಚಾಯಿತಿಗೂ ಹೇಳಿ ಸಮಗೈ ಕೆಲಸ ಬಿಟ್ಟೆ. ವಿಶಾಲುವಿಗೆ ಸಿಟ್ಟು ಬಂದದ್ದು ಲೆಕ್ಕದ ವಿಷಯಕ್ಕೆ ಮಾತ್ರ. "ಇಷ್ಟು ಸೂಜಿ ಚುಚ್ಚಿಸ್ಕೊಂಡು ನಾನು ಲೆಕ್ಕಕ್ಕೇ ಇಲ್ವಾ? ನಿನ್ನ ಸತ್ಯಕ್ಕಿಷ್ಟು ಬೆಂಕಿ ಹಾಕ!" ಎರಡು ದಿನ ಹುಕ್ಕು ಹಾಕಲು ಬರಲಿಲ್ಲ. ಮೂರನೇ ದಿನ ಬಂದಳು.

ಎರಡು ವರ್ಷ ಎರಡು ತಿಂಗಳು ಇದ್ದಳು. ಅದರಲ್ಲಿ ಒಂದೂವರೆ ವರ್ಷ ಚೆನ್ನಾಗಿಯೇ ಇದ್ದಳು. ಮೂರು ವಾರಕ್ಕೊಮ್ಮೆ ಬಾಟಲಿ, ಎರಡು ದಿನ ವಾಂತಿ, ಆಮೇಲೆ ಮತ್ತೆ ನನ್ನ ಅಂಗಡಿ. ಈ ಅಷ್ಟೂ ದಿನ ಆಚಾರ್ರು ನನ್ನೊಡನೆ ಮಾತಾಡಲಿಲ್ಲ. ಅವಳನ್ನು ಕರೆಯಬೇಕಾದರೆ ರಸ್ತೆಯಲ್ಲೇ ನಿಂತು ಸೈಕಲ್ ಬೆಲ್ ಬಾರಿಸುತ್ತಿದ್ದರು. "ಬಂದ ನನ್ನ ಬೀಗದ ರಾಯ" ಅಂತ ಅವಳು ಏಳುತ್ತಿದ್ದಳು. ಮನೆಯಲ್ಲಿ ಮಾತ್ರ ಅವರು ಈಗ ಬಾಯಿಬಿಟ್ಟು ಕೇಳುವುದನ್ನು ಕಲಿತಿದ್ದಾರೆ ಅಂತ ಹೇಳುತ್ತಿದ್ದಳು. "ದಿನಕ್ಕೆ ನೂರು ಸಲ ಕೇಳ್ತಾರೆ, ನೀರು ಬೇಕಾ, ದಿಂಬು ಬೇಕಾ, ಕಿಟಕಿ ತೆಗೀಲಾ. ಚೀಟೀನೇ ವಾಸಿ ಇತ್ತು ಕಣೆ, ತಲೆ ತಿನ್ತಿರ್ಲಿಲ್ಲ." ಶ್ರಾವಣದಲ್ಲಿ ಹೋದಳು. ಹೆಣ ಎತ್ತುವಾಗ ಆಚಾರ್ರು ನನ್ನನ್ನು ಹತ್ತಿರ ಬರಲು ಬಿಟ್ಟರು, ಆದರೆ ಮುಖ ತಿರುಗಿಸಿಕೊಂಡೇ ಇದ್ದರು.

ಅದಾದ ನಾಲ್ಕು ತಿಂಗಳಿಗೆ ಡಾಕ್ಟರಮ್ಮ ಪರೀಕ್ಷೆಯ ಫಲ ಹೇಳಲು ನಮ್ಮೂರಿನ ಶಾಲೆಯ ಅಂಗಳದಲ್ಲಿ ಸಭೆ ಕರೆದರು. ಇಂಥವೇ ಪರೀಕ್ಷೆಗಳು ಬೇರೆ ಊರುಗಳಲ್ಲೂ ನಡೆದಿದ್ದವಂತೆ, ಎಲ್ಲ ಕೂಡಿಸಿ ನೋಡಿದರಂತೆ. ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಲೆಕ್ಕದಷ್ಟು ದಿನ ಬದುಕಿದರು. ದೊಡ್ಡ ಮದ್ದಿನವರು ಹೆಚ್ಚು ನರಳಿದರು. ಕೆಲವರು ಮದ್ದಿನಿಂದಲೇ ಹೋದರು. ಇನ್ನು ಮುಂದೆ ಆ ಮದ್ದು ಕೊಡುವುದಿಲ್ಲ ಅಂದರು. ಬೇಕು ಅಂತ ಎತ್ತಿಕೊಂಡ ಮೊದಲ ಏಳು ಜನರಲ್ಲಿ ಆ ಹೊತ್ತಿಗೆ ಒಬ್ಬಳು ಮಾತ್ರ ಉಳಿದಿದ್ದಳು.

ಅಂಗಳದಲ್ಲಿ ಗುಸುಗುಸು ಎದ್ದಿತು. ಒಂದೇ ಅಂದರೆ ಹೇಗೆ? ನಮ್ಮೂರಿನಲ್ಲಿ ಏನಾದರೂ ಸುಮ್ಮನೆ ಸಮಸಮ ಬರುವುದುಂಟೇ? ಮದ್ದು ಮುಗಿದಿದೆ, ಅದಕ್ಕೇ ಹೀಗೆ ಹೇಳಿಸುತ್ತಿದ್ದಾರೆ ಅಂದರು. ಹುಚ್ಚೀರಮ್ಮ ಸಾದಾ ಮದ್ದಿನಲ್ಲೇ ಗಟ್ಟಿಮುಟ್ಟಾಗಿ ಕೂತಿದ್ದಳು. ಎದ್ದು ನಿಂತು ಕೇಳಿದಳು, "ಹಂಗಾದ್ರೆ ನಾನು ಆ ಚನ್ನಾಜಿಗೆ ಬೈದಿದ್ದೆಲ್ಲ ದಂಡ ಅಂತಾನಾ?" ಜನ ನಕ್ಕರು. ಆಚಾರ್ರು ಹಿಂದಿನ ಸಾಲಿನಲ್ಲಿದ್ದರು, ನಗಲಿಲ್ಲ. ಸಭೆ ಮುಗಿಯುವ ಮೊದಲೇ ಎದ್ದುಹೋದರು.

ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ನಾನು ಮೆಷಿನ್ ನಿಲ್ಲಿಸಿದೆ. ಆಚಾರ್ರು ಹೊಸಿಲಿನಾಚೆಯೇ ನಿಂತಿದ್ದರು, ಹೆಗಲಲ್ಲಿ ಕೀಲಿಗಳ ಚೀಲ.

"ಆ ಡಾಕ್ಟ್ರು ಹೇಳಿದ್ದು ನಿಜಾನಾ?"

"ನನಗೆ ಹೇಗೆ ಗೊತ್ತಾಗ್ಬೇಕು ಆಚಾರ್ರೆ? ನಿಜ ಅಂತ ಕಾಣುತ್ತೆ."

"ದೊಡ್ಡದು ಬಂದಿದ್ರೂ ಅಷ್ಟೇ ದಿನ ಇರ್ತಿದ್ಳು ಅಂತ."

"ಅವಳಿಗೆ ಎಷ್ಟು ದಿನ ಅಂತ ಯಾರು ಹೇಳೋಕಾಗುತ್ತೆ? ಎಲ್ರನ್ನೂ ಸೇರಿಸಿ ನೋಡಿದ್ರೆ ಹಾಗೆ ಅಂತೆ."

ಅವರು ರಸ್ತೆಯ ಕಡೆ ನೋಡಿದರು. ಎದುರುಗಡೆ ಅವರ ಮನೆಯ ಬಾಗಿಲು ಮುಚ್ಚಿತ್ತು. "ಒಂದು ಕೇಳ್ತೀನಿ" ಅಂದರು. "ಅವತ್ತು ಇಲ್ಲಿ ಅವಳಿಗೆ ಒಂದು ಮಾತು ಹೇಳಿದ್ರಿ. ಬದುಕ್ಲಿ ಅಂತ ಅಂದ್ಕೊಂಡೆ ಅಂತ. ಅವಳು ಎದುರಿಗೆ ಕೂತಿದ್ಳು, ಅದಕ್ಕೆ ಹಾಗೆ ಹೇಳಿದ್ರಾ?"

"ಇಲ್ಲ."

"ಇದೇ ಕೊನೆ ಸಲ ಕೇಳೋದು."

"ಇಲ್ಲ ಆಚಾರ್ರೆ. ಬದುಕ್ಬೇಕು ಅಂತಲೇ ಇತ್ತು."

ಅವರು ನನ್ನ ಮುಖವನ್ನು ನೋಡಿದರು. ರಿಪೇರಿಗೆ ತಂದ ಬೀಗ ನೋಡುವ ಹಾಗೆ, ಎಲ್ಲಿ ಕದಲುತ್ತದೆ, ಎಲ್ಲಿ ಹಿಡಿಯುತ್ತದೆ ಅಂತ. ನಾನು ಕಣ್ಣು ತಗ್ಗಿಸಲಿಲ್ಲ.

"ನಂಬಿದೆ ಅಂತ ಹೇಳಲಾರೆ" ಅಂದರು. "ಬಾಯಿಮಾತು ನಂಬಿ ನನಗೆ ಅಭ್ಯಾಸ ಇಲ್ಲ."

"ಬೇಡ ಬಿಡಿ."

"ಆದ್ರೆ ಕೂತ್ಕೋತೀನಿ."

ಚಪ್ಪಲಿ ಬಿಟ್ಟು, ಹೊಸಿಲು ದಾಟಿ ಒಳಗೆ ಬಂದು ಕೂತರು.